ಟೆಕ್ಸಾಸ್‌ನ ಸ್ಟಾರ್ ಪರೀಕ್ಷೆಯ ಬರವಣಿಗೆ: ಹಳೆಯ ಪ್ರಶ್ನೆಗಳ ಅಭ್ಯಾಸವೋ, ತಿದ್ದಿ ಬರೆಯುವ ಅಭ್ಯಾಸವೋ?

ಟೆಕ್ಸಾಸ್‌ನಲ್ಲಿ 7ನೆಯ ತರಗತಿ ಓದುತ್ತಿರುವ ಮಗಳನ್ನು ಸ್ಟಾರ್‌ಗೆ (STAAR, ಅಲ್ಲಿನ ಶಾಲಾ ಮಕ್ಕಳಿಗೆ ರಾಜ್ಯ ನಡೆಸುವ ಪರೀಕ್ಷೆ) ಸಿದ್ಧಗೊಳಿಸಲು ಹಳೆಯ ಪ್ರಶ್ನೆಗಳನ್ನು ಸಮಯ ನಿಗದಿಪಡಿಸಿ ಬರೆಸಬೇಕೇ, ಅಥವಾ ಒಂದೇ ಪ್ರಬಂಧವನ್ನು ವಾರವಿಡೀ ತಿದ್ದಿಸಬೇಕೇ ಎಂದು ಕೇಳಿದ್ದೀರಿ.

ಮೊದಲು ಅಂಕಗಳ ಲೆಕ್ಕವನ್ನು ನೋಡಬೇಕು. ಈಗ ಬರವಣಿಗೆಗೆ ಪ್ರತ್ಯೇಕ ಪರೀಕ್ಷೆಯಿಲ್ಲ. 2023ರ ಹೊಸ ವಿನ್ಯಾಸದಲ್ಲಿ ವಿದ್ಯಾರ್ಥಿಯು ಪಠ್ಯವೊಂದನ್ನು ಓದಿ, ಅದರಿಂದಲೇ ಆಧಾರಗಳನ್ನು ಆರಿಸಿಕೊಂಡು ದೀರ್ಘ ಉತ್ತರ ಬರೆಯಬೇಕು. ಉತ್ತರಕ್ಕೆ ಅಂಕ ನೀಡುವ ಅಳತೆಪಟ್ಟಿಯ (ರೂಬ್ರಿಕ್) 5 ಅಂಕಗಳಲ್ಲಿ 3 ವಿಚಾರದ ಬೆಳವಣಿಗೆ ಹಾಗೂ ಜೋಡಣೆಗೆ, 2 ವ್ಯಾಕರಣ ಮತ್ತು ಕಾಗುಣಿತಕ್ಕೆ. ವಿಚಾರಕ್ಕೆ ಸೊನ್ನೆ ಬಂದರೆ ಭಾಷಾಶುದ್ಧಿಯ ಅಂಕವೂ ಸಿಗುವುದಿಲ್ಲ. ಆದ್ದರಿಂದ ವಿಚಾರವನ್ನು ಬೆಳೆಸಲು ಕಲಿಸುವ ವಿಷಯದಲ್ಲಿ ತಿದ್ದಿ ಬರೆಯುವ ಕ್ರಮವೇ ಮೇಲು: ‘ಈ ಮಾತಿಗೆ ಪಠ್ಯದಲ್ಲಿ ಆಧಾರವೆಲ್ಲಿ?’ ಎಂದು ಪ್ರತಿ ಕರಡಿನಲ್ಲೂ ಕೇಳಿಸಿಕೊಂಡ ಮಗು ಕ್ರಮೇಣ ಆ ಪ್ರಶ್ನೆಯನ್ನು ತಾನೇ ಕೇಳಿಕೊಳ್ಳತೊಡಗುತ್ತದೆ.

ಖರ್ಚಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ರಾಜ್ಯದ ಶಿಕ್ಷಣ ಇಲಾಖೆ ಹಳೆಯ ಪ್ರಶ್ನೆಗಳನ್ನೂ ಅಂಕ ನೀಡಿದ ಮಾದರಿ ಉತ್ತರಗಳನ್ನೂ ಉಚಿತವಾಗಿ ಪ್ರಕಟಿಸುತ್ತದೆ. ಆದರೆ ಕರಡು ತಿದ್ದಿಸಲು ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು ಸಮಯ ಕೊಡಬೇಕು. ದುಡಿಯುವ ತಂದೆತಾಯಿಗೆ ಅದು ಸಣ್ಣ ಮಾತಲ್ಲ.

ಪರೀಕ್ಷೆಗೆ ಒಂದೇ ತಿಂಗಳು ಉಳಿದಿದ್ದು, ಮಗುವಿಗೆ ವಿಚಾರವಿದ್ದರೂ ಕಂಪ್ಯೂಟರ್ ಮುಂದೆ ಕೈ ಓಡದಿದ್ದರೆ, ಹಳೆಯ ಪ್ರಶ್ನೆಗಳನ್ನು ಕೀಲಿಮಣೆಯಲ್ಲೇ ಬರೆಸಿ. ಎರಡೇ ವಾಕ್ಯಕ್ಕೆ ಉತ್ತರ ನಿಂತುಬಿಡುವ ಮಗುವಿಗಾದರೆ ಹತ್ತು ಮಾದರಿ ಪರೀಕ್ಷೆಗಳು ಅದೇ ತಪ್ಪನ್ನು ಹತ್ತು ಬಾರಿ ಗಟ್ಟಿಮಾಡುತ್ತವೆ. ಅಂಥ ಮಗುವಿಗೆ ಶಾಲಾ ವರ್ಷ ಶುರುವಾಗುವ ಆಗಸ್ಟ್‌ನಿಂದಲೇ ವಾರಕ್ಕೊಂದು ಬರಹವನ್ನು ತಿದ್ದಿಸುವುದು ಸೂಕ್ತ.