ಬಿಸಿಯಾದಾಗ ಮಾತ್ರ ಸ್ಟಾರ್ಟ್ ಆಗದ ಕಾರು, "ಇಸಿಯು ಹೋಗಿದೆ" ಎನ್ನುವ ಗ್ಯಾರೇಜ್: ದಯವಿಟ್ಟು ಎಚ್ಚರ

ಬೆಂಗಳೂರಿನಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡಿರುವವರು, ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ತಗೋಬೇಕು ಅಂತ ನೋಡುತ್ತಿರುವವರು ಇದನ್ನು ಪೂರ್ತಿ ಓದಿ. ಮೀಟರ್ ಹಿಡಿಯದೆ, ಏನೂ ಅಳೆಯದೆ "ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ" ಎನ್ನುವ ಗ್ಯಾರೇಜ್‌ನಲ್ಲಿ ಕಾರು ಬಿಡಬೇಡಿ. ನನಗೆ ಒಂದೂವರೆ ಲಕ್ಷದ ಹತ್ತಿರ ಬಿಲ್ ಬಂತು. ನಿಜವಾಗಿ ಕೆಟ್ಟಿದ್ದು ಹೆಬ್ಬೆರಳಿನಷ್ಟಿರುವ ಒಂದು ಸೆನ್ಸರ್.

ನನ್ನದು ಎರಡು ಸೀಟಿನ, ಆರು ಸಿಲಿಂಡರಿನ ಪೆಟ್ರೋಲ್ ಕಾರು. ಯಾವ ಕಂಪನಿ ಅಂತ ಹೇಳುವುದಿಲ್ಲ, ಇದರಲ್ಲಿ ಕಾರಿನ ತಪ್ಪೇನಿಲ್ಲ. ಬೆಳಗ್ಗೆ ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್ ಆಗುತ್ತಿತ್ತು. ದೇವನಹಳ್ಳಿ ಕಡೆ ಒಂದು ರೌಂಡ್ ಹೋಗಿ, ಹೆಬ್ಬಾಳದ ಹತ್ತಿರ ಬಂಕ್‌ನಲ್ಲಿ ಪೆಟ್ರೋಲ್ ಹಾಕಿಸಿಕೊಂಡು ಹೊರಡೋಣ ಅಂದರೆ ಸ್ಟಾರ್ಟರ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹತ್ತಿಕೊಳ್ಳುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತಿತ್ತು. ಇನ್ನೊಂದು ವಿಷಯ ಗಮನಿಸಿದ್ದೆ. ಸ್ಟಾರ್ಟರ್ ತಿರುಗುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವೂ ಅಲ್ಲಾಡುತ್ತಿರಲಿಲ್ಲ.

ಇಷ್ಟನ್ನೂ ಗ್ಯಾರೇಜ್‌ನವರಿಗೆ ಹೇಳಿ, ಜಾಬ್ ಕಾರ್ಡ್‌ನಲ್ಲಿ ಬರೆಸಿದೆ. "ಬಿಡಿ ಮೇಡಂ, ಇಂಥ ಕಾರು ದಿನಾ ನೋಡ್ತೀವಿ" ಅಂದರು.

ಮೊದಲು ಸ್ಪಾರ್ಕ್ ಪ್ಲಗ್ ಬದಲಾಯಿಸಿದರು. ಆಮೇಲೆ ನನ್ನನ್ನು ಕೇಳದೆ ಪ್ಲಗ್‌ಗೆ ಕಿಡಿ ಕೊಡುವ ಆರೂ ಇಗ್ನಿಷನ್ ಕಾಯಿಲ್ ಹೊಸದು ಹಾಕಿ, ಹಾಕಿದ ಮೇಲೆ ಫೋನ್ ಮಾಡಿದರು. ಸ್ವಲ್ಪ ಯೋಚನೆ ಮಾಡಿ. ಇಂಥ ಎಂಜಿನ್‌ನಲ್ಲಿ ಒಂದೊಂದು ಸಿಲಿಂಡರಿಗೂ ಒಂದೊಂದು ಕಾಯಿಲ್ ಇರುತ್ತದೆ. ಒಂದು ಕೆಟ್ಟರೆ ಎಂಜಿನ್ ಮಿಸ್ ಹೊಡೆಯುತ್ತದೆ, ನಡುಗುತ್ತದೆ, ಚೆಕ್ ಎಂಜಿನ್ ದೀಪ ಮಿಣುಕುತ್ತದೆ. ಆದರೂ ಕಾರು ಹೇಗೋ ಓಡುತ್ತದೆ. ಆರೂ ಒಟ್ಟಿಗೆ ಸತ್ತು, ಅರ್ಧ ಗಂಟೆಯಲ್ಲಿ ಆರೂ ಒಟ್ಟಿಗೆ ಬದುಕಿ ಬರುತ್ತವಾ? ಎಲ್ಲ ಸಿಲಿಂಡರಿಗೂ ಒಟ್ಟಿಗೆ ಕಿಡಿ ನಿಂತಿದೆ ಅಂದರೆ, ಎಲ್ಲಕ್ಕೂ ಸೇರಿದ ಯಾವುದೋ ಒಂದು ಜಾಗ ಕೈಕೊಟ್ಟಿದೆ ಅಂತಲೇ ಅರ್ಥ.

ಕಿಡಿ ಬರುತ್ತಾ ನೋಡೋಣ ಅಂತ ಹುಡುಗನೊಬ್ಬ ಕಾಯಿಲ್ ಹೊರಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ಕ್ರ್ಯಾಂಕ್ ಮಾಡಿಸುತ್ತಿದ್ದ, ಅಂದರೆ ಸ್ಟಾರ್ಟರ್ ತಿರುಗಿಸುತ್ತಿದ್ದ. ಅದನ್ನು ನೋಡಿ ನನಗೆ ಎದೆ ಝಲ್ಲೆಂದಿತು. ಹೊಸ ಕಾಲದ ಕಾಯಿಲ್‌ಗಳಲ್ಲಿ 20,000 ವೋಲ್ಟ್‌ಗೂ ಜಾಸ್ತಿ ಇರುತ್ತದೆ. ಪಕ್ಕದಲ್ಲಿ ಪೆಟ್ರೋಲ್ ಆವಿ ಇರುತ್ತದೆ. ಕಿಡಿಗೆ ಹಾರಲು ಸರಿಯಾದ ದಾರಿ ಸಿಗದಿದ್ದರೆ ಕಾಯಿಲ್ಲೂ ಹಾಳು, ಅದನ್ನು ನಡೆಸುವ ಇಸಿಯು ಒಳಗಿನ ಡ್ರೈವರ್ ಸರ್ಕ್ಯೂಟೂ ಹಾಳು. ಇದಕ್ಕೆ ಅಂತಲೇ ಸ್ಪಾರ್ಕ್ ಟೆಸ್ಟರ್ ಬರುತ್ತದೆ, ಬೆಲೆಯೂ ಜಾಸ್ತಿ ಇಲ್ಲ. ಅದು ಇಲ್ಲದ ಗ್ಯಾರೇಜ್‌ನಲ್ಲಿ ಇಗ್ನಿಷನ್ ಕೆಲಸ ಮಾಡಿಸಬೇಡಿ. ಕಿಡಿ ಇಲ್ಲದೆ ಸುಮ್ನೆ ಕ್ರ್ಯಾಂಕ್ ಮಾಡುತ್ತಾ ಇದ್ದರೆ ಇನ್ನೊಂದು ಅಪಾಯವೂ ಇದೆ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕೆಲಸ ಮಾಡುತ್ತಿದ್ದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಆಮೇಲೆ ಎಂಜಿನ್ ಹತ್ತಿಕೊಂಡಾಗ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗಬಹುದು. ಒಂದು ಸಲಕ್ಕೆ 10 ಸೆಕೆಂಡ್‌ಗಿಂತ ಜಾಸ್ತಿ ಸ್ಟಾರ್ಟರ್ ಒತ್ತಬಾರದು.

ಕಾಯಿಲ್ ಹಾಕಿದ ಮೇಲೂ ಅದೇ ಕಥೆ. ಆಗ ಇಸಿಯು ಮಾತು ಬಂತು. ಎಲ್ಲಿಂದಲೋ ಹಳೆಯದೊಂದು ತಂದು ಹಾಕಿದರು. ಆಮೇಲೆ ಬೆಳಗ್ಗೆ ತಣ್ಣಗಿದ್ದಾಗಲೂ ಕಾರು ಸ್ಟಾರ್ಟ್ ಆಗಲಿಲ್ಲ! ಆಗುವುದೂ ಇಲ್ಲ. ಇಮೊಬಿಲೈಸರ್ (ಕಳ್ಳತನ ತಡೆಯುವ ಬೀಗ) ಇರುವ ಕಾರಿನಲ್ಲಿ ಕೀ ಒಳಗಿನ ಚಿಪ್ಪಿಗೂ ಇಸಿಯುಗೂ ಜೋಡಿ ಆಗಿರುತ್ತದೆ. ಬೇರೆ ಕಾರಿನ ಇಸಿಯು ತಂದರೆ ಅದಕ್ಕೆ ಈ ಕೀ ಯಾರು ಅಂತಲೇ ಗೊತ್ತಿರುವುದಿಲ್ಲ, ಕೋಡಿಂಗ್ ಮಾಡಲೇಬೇಕು. ಒಂದು ದೋಷ ಹುಡುಕಲು ಹೋಗಿ ಎರಡಾಯಿತು. ಅವರು ಅದನ್ನೂ ನೋಡದೆ, ಈಗ ವೈರಿಂಗ್ ಪೂರ್ತಿ ಬದಲಾಯಿಸಬೇಕು, ಇನ್ನೂ ಎರಡು ಲಕ್ಷ ಆಗುತ್ತದೆ ಅಂದರು. ಫ್ಲಾಟ್‌ಬೆಡ್ ಕರೆಸಿ ಕಾರು ಎತ್ತಿಸಿಕೊಂಡು ಬಂದೆ. ನನ್ನ ಹಳೆಯ ಇಸಿಯುವನ್ನು ಜಗಳ ಮಾಡಿಯೇ ಈಸಿಕೊಳ್ಳಬೇಕಾಯಿತು.

ವಿಲ್ಸನ್ ಗಾರ್ಡನ್‌ನಲ್ಲಿ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ, ವಯಸ್ಸಾದವರು. ಅವರ ಮೊದಲ ಪ್ರಶ್ನೆಯೇ "ಬಿಸಿ ಇದ್ದಾಗ ನಿಲ್ಲುತ್ತೋ, ತಣ್ಣಗಿದ್ದಾಗಲೋ ಅಮ್ಮಾ?" ನಾನು ಎಲ್ಲ ಹೇಳಿ ಮುಗಿಸುವವರೆಗೂ ಕೇಳಿಸಿಕೊಂಡರು. ಹಳೆಯ ಇಸಿಯು ವಾಪಸ್ ಹಾಕಿದರು, ಕಾರು ಸ್ಟಾರ್ಟ್ ಆಯಿತು. ಬ್ಯಾಟರಿ 12.6 ವೋಲ್ಟ್ ಇತ್ತು, ಕ್ರ್ಯಾಂಕ್ ಆಗುವಾಗಲೂ 10ಕ್ಕಿಂತ ಕೆಳಗೆ ಇಳಿಯಲಿಲ್ಲ, ಅಂದರೆ ಬ್ಯಾಟರಿ ಸರಿ ಇತ್ತು. ಎಂಜಿನ್ ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರಿನ ಎರಡು ಪಿನ್‌ಗೆ ಮೀಟರ್ ಇಟ್ಟು, 900 ಓಮ್ ಹತ್ತಿರ ಬಂದಿದ್ದನ್ನು ನನಗೂ ತೋರಿಸಿದರು. ಆಮೇಲೆ ಫ್ಯಾನ್ ತಿರುಗುವವರೆಗೂ ಎಂಜಿನ್ ಓಡಿಸಿ ಆಫ್ ಮಾಡಿದರು. ಸ್ವಲ್ಪ ಹೊತ್ತು ಬಿಟ್ಟು ಕೀ ತಿರುಗಿಸಿದರೆ, ಅದೇ ರೋಗ. ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ ತೆಗೆದರೆ ಸ್ಟಾರ್ಟರ್ ತಿರುಗುತ್ತಿದ್ದರೂ ಆರ್‌ಪಿಎಂ ಸೊನ್ನೆ. ಮತ್ತೆ ಮೀಟರ್ ಇಟ್ಟರೆ ರೀಡಿಂಗೇ ಇಲ್ಲ, ಸೆನ್ಸರ್ ಒಳಗಿನ ಸುರುಳಿ ಬಿಸಿಗೆ ಬಿಟ್ಟುಕೊಂಡಿದೆ. ಒದ್ದೆ ಬಟ್ಟೆ ತಂದು ಸೆನ್ಸರ್ ಮೇಲೆ ಒತ್ತಿ ಹಿಡಿದರು. ನೋಡುನೋಡುತ್ತಲೇ 900 ವಾಪಸ್ ಬಂತು, ಕಾರು ಸ್ಟಾರ್ಟ್ ಆಯಿತು.

ಎಂಜಿನ್ ತಿರುಗುತ್ತಿದೆ, ಪಿಸ್ಟನ್ ಎಲ್ಲಿದೆ ಅಂತ ಇಸಿಯುಗೆ ಹೇಳುವುದು ಇದೇ ಸೆನ್ಸರ್. ಇದರ ಸುದ್ದಿ ಬರದಿದ್ದರೆ ಬಹಳಷ್ಟು ಕಾರುಗಳಲ್ಲಿ ಇಸಿಯು ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಬಿಡುವುದಿಲ್ಲ. ಸ್ಕ್ಯಾನರ್‌ನಲ್ಲಿ ಪಿ0335 (P0335) ಅನ್ನುವ ಈ ಸೆನ್ಸರಿನ ದೋಷದ ಕೋಡ್ ಬಂದರೆ ದಾರಿ ಸುಲಭ, ಆದರೆ ಕೋಡ್ ಬಂದಿಲ್ಲ ಅಂದ ಮಾತ್ರಕ್ಕೆ ಸೆನ್ಸರ್ ಸರಿ ಇದೆ ಅಂತಲ್ಲ. ತಣ್ಣಗಿದ್ದಾಗ ಅಳೆದರೂ ಸಾಲದು. ಮೂರು ಪಿನ್ ಇರುವ ಹಾಲ್ (Hall) ಅನ್ನುವ ಬೇರೆ ಬಗೆಯ ಸೆನ್ಸರ್ ಆದರೆ ಓಮ್ ಅಳೆಯುವುದರಿಂದ ಪ್ರಯೋಜನ ಇಲ್ಲ, ಸಿಗ್ನಲ್ಲೇ ನೋಡಬೇಕು. ಹೊಸ ಸೆನ್ಸರಿಗೆ ಕೆಲವೇ ಸಾವಿರ ಆಯಿತು. ಜೆ.ಸಿ. ರಸ್ತೆಯಲ್ಲಿ ಹುಡುಕುವವರು ಪಾರ್ಟ್ ನಂಬರ್ ಹಿಡಿದುಕೊಂಡು ಹೋಗಿ. ಇದೊಂದರಲ್ಲಿ ಡೂಪ್ಲಿಕೇಟ್ ಬೇಡವೇ ಬೇಡ, ನಡುರಸ್ತೆಯಲ್ಲಿ ನಿಲ್ಲಿಸುತ್ತದೆ.

ಸ್ಟಾರ್ಟರ್ ತಿರುಗುವುದೇ ಇಲ್ಲ ಅಂದರೆ ಅದು ಬೇರೆ ಕಥೆ. ಬ್ಯಾಟರಿ, ಟರ್ಮಿನಲ್ ಮೇಲಿನ ಬಿಳಿ ಪುಡಿ, ಅರ್ತ್ ವೈರ್, ಕ್ಲಚ್ ಸ್ವಿಚ್, ಇಗ್ನಿಷನ್ ಸ್ವಿಚ್ ಅಲ್ಲಿಂದ ಶುರು ಮಾಡಬೇಕು. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ತಿಂಗಳುಗಟ್ಟಲೆ ನಿಂತ ಕಾರಾದರೆ ಇಲಿ ವೈರ್ ಕಡಿದಿದೆಯಾ ಅಂತ ಮೊದಲು ನೋಡಿ. ಗ್ಯಾರೇಜ್‌ಗೆ ಕೊಡುವಾಗ ಸ್ಟಾರ್ಟರ್ ತಿರುಗಿಯೂ ಎಂಜಿನ್ ಹತ್ತಿಕೊಳ್ಳುತ್ತಿಲ್ಲವೋ, ಸ್ಟಾರ್ಟರೇ ತಿರುಗುತ್ತಿಲ್ಲವೋ ಅಂತ ಬರೆಸಿ, ಸ್ಟಾರ್ಟ್ ಆಗದೆ ಇರುವಾಗ ಡ್ಯಾಶ್‌ಬೋರ್ಡ್‌ನ ವಿಡಿಯೋ ತೆಗೆದು ಕಳಿಸಿ. ಯಾವ ಪಾರ್ಟ್ ಬದಲಾಯಿಸುವ ಮುಂಚೆಯೂ ನನ್ನ ಒಪ್ಪಿಗೆ ಬೇಕು, ತೆಗೆದ ಪಾರ್ಟ್ ನನಗೆ ವಾಪಸ್ ಬೇಕು ಅಂತ ಜಾಬ್ ಕಾರ್ಡ್‌ನಲ್ಲೇ ಬರೆಸಿ ಸಹಿ ಹಾಕಿಸಿಕೊಳ್ಳಿ. ಪಕ್ಕಾ ಬಿಲ್ ಇಲ್ಲದೆ ದುಡ್ಡು ಕೊಡಬೇಡಿ.

ಮೋಸ ಹೋದವರು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 2019ರ ಕಾಯ್ದೆ ಪ್ರಕಾರ ಎರಡು ವರ್ಷದ ಒಳಗೆ ದೂರು ಕೊಡಬೇಕು. ನಾನು ಜಾಬ್ ಕಾರ್ಡ್, ಬಿಲ್, ಎಲೆಕ್ಟ್ರಿಷಿಯನ್ ಬರೆದುಕೊಟ್ಟ ಚೀಟಿ, ಮೀಟರ್ ರೀಡಿಂಗ್‌ನ ಫೋಟೋ ಎಲ್ಲ ಸೇರಿಸಿ ದೂರು ಕೊಟ್ಟಿದ್ದೇನೆ. ನನ್ನ ಹಳೆಯ ಆರು ಕಾಯಿಲ್ ಇನ್ನೂ ಆ ಗ್ಯಾರೇಜ್‌ನವರ ಹತ್ತಿರವೇ ಇವೆ. ಅವು ಕೆಟ್ಟಿರಲಿಲ್ಲ ಅಂತಲೇ ನನ್ನ ನಂಬಿಕೆ, ವಾಪಸ್ ಕೊಡುವವರೆಗೂ ಕೇಳುತ್ತೇನೆ.