ಬ್ಯಾಡಗಿಗೆ ಹೋದ ಗಾಡಿ ಮಂಜಿನ ಸಮುದ್ರದಲ್ಲಿ: ಒಂದು ಜಿಪಿಎಸ್ ಟ್ರ್ಯಾಕರ್ ರಿವ್ಯೂ

ನನ್ನವು ಎರಡು ಗಾಡಿ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೂ ಬ್ಯಾಡಗಿಗೂ ಓಡುತ್ತವೆ, ಜಾಸ್ತಿ ಮೆಣಸಿನಕಾಯಿ ಲೋಡು. ನಾಲ್ಕು ತಿಂಗಳ ಹಿಂದೆ ಎರಡಕ್ಕೂ ಟ್ರ್ಯಾಕರ್ ಹಾಕಿಸಿದೆ. ಕಂಪನಿ ಹೆಸರು ಬೇಡ ಬಿಡಿ. ಡಬ್ಬಿ ಗಟ್ಟಿ ಇದೆ. ಇಂಜಿನ್ ಶುರುವಾದ ಕೂಡಲೇ ಮೆಸೇಜ್ ಬರುತ್ತದೆ. ನನ್ನ ತಕರಾರು ಆ ಮೆಸೇಜಿನಲ್ಲಿರುವ ಲೊಕೇಶನ್ ಲಿಂಕಿನದ್ದು.

ನನ್ನದು ಆಂಡ್ರಾಯ್ಡ್ ಫೋನ್. ನೋಟಿಫಿಕೇಶನ್ ಒತ್ತಿದರೆ ಮ್ಯಾಪ್ ಬರುವುದಿಲ್ಲ, ಮೆಸೇಜ್ ತೆರೆಯುತ್ತದೆ. ಅಲ್ಲಿ ಲಿಂಕ್ ಒತ್ತಬೇಕು. ಆಮೇಲೆ ಯಾವ ಆ್ಯಪ್‌ನಲ್ಲಿ ತೋರಿಸಲಿ ಅಂತ ಕೇಳುತ್ತದೆ. ರಾತ್ರಿ ಎರಡು ಗಂಟೆಗೆ, ಕನ್ನಡಕ ಇಲ್ಲದೆ, ಇಷ್ಟೆಲ್ಲ ಮಾಡುವಷ್ಟರಲ್ಲಿ ಗಾಡಿ ಇನ್ನೊಂದು ಊರು ದಾಟಿರುತ್ತದೆ.

ಅದೇ ಮೆಸೇಜನ್ನು ಮಗಳ ಹಳೆ ಐಫೋನಿಗೆ ಕಳಿಸಿದೆ. ಅಲ್ಲಿ ಅದು ಬರೀ ಅಕ್ಷರ, ಒತ್ತಿದರೂ ಏನೂ ಇಲ್ಲ. ಅವಳು ಎಂಜಿನಿಯರಿಂಗ್ ಓದುತ್ತಾಳೆ. ‘ಅಪ್ಪಾ, ಇವರು ಜಿಯೋ ಲಿಂಕ್ ಕಳಿಸ್ಯಾರ’ ಅಂದಳು. ನಾನು ಸಿಮ್ ಅಂದುಕೊಂಡೆ! ಅದು ವೆಬ್ ವಿಳಾಸವಲ್ಲ, ಜಾಗದ ಅಕ್ಷಾಂಶ-ರೇಖಾಂಶ ಬರೆದು ಫೋನಿನ ಮ್ಯಾಪ್ ಆ್ಯಪ್‌ಗೆ ಕೊಡುವ ಲಿಂಕಂತೆ. 2010ರಲ್ಲೇ ಅದಕ್ಕೆ ನಿಯಮ ಬರೆದಿದ್ದಾರಂತೆ, ಆದರೆ ಎಲ್ಲ ಫೋನೂ ಅದನ್ನು ಕೇಳುವುದಿಲ್ಲ. ಮಾಮೂಲಿ ವೆಬ್ ಲಿಂಕ್ ಕಳಿಸಿದ್ದರೆ ಎಲ್ಲದರಲ್ಲೂ ತೆರೆಯುತ್ತಿತ್ತು. ಕೈಯ ವಾಚಿನಲ್ಲಂತೂ ಅರ್ಧ ಲಿಂಕು, ಮೂರು ಚುಕ್ಕಿ.

ಮೊನ್ನೆ ಇನ್ನೂ ಮಜಾ. ಕಂಪನಿಯವರು ಆ್ಯಪ್ ಅಪ್‌ಡೇಟ್ ಮಾಡಿದ್ದರು. ಸಂಜೆ ನೋಟಿಫಿಕೇಶನ್ ಬಂತು, ತೆರೆದು ಲಿಂಕ್ ಒತ್ತಿದೆ. ಪರದೆ ತುಂಬ ನೀಲಿ. ಮ್ಯಾಪ್ ಚಿಕ್ಕದು ಮಾಡುತ್ತಾ ಹೋದೆ. ನಮ್ಮ ಗಾಡಿ ನಾರ್ವೆಯ ಮೇಲಿನ ಮಂಜಿನ ಸಮುದ್ರದಲ್ಲಿ ನಿಂತಿತ್ತು! ಬ್ಯಾಡಗಿ ಇರುವುದು ಅಕ್ಷಾಂಶ 14.67, ರೇಖಾಂಶ 75.48ರಲ್ಲಿ. ಮ್ಯಾಪು ಅಕ್ಷಾಂಶವನ್ನು ಮೊದಲು ಓದುತ್ತದೆ. ಇವರು 75 ಮೊದಲು ಬರೆದು ಕಳಿಸಿದ್ದರು.

ಡ್ರೈವರ್‌ಗೆ ಫೋನ್ ಹಚ್ಚಿದೆ. ಅವನದು ಕೀಪ್ಯಾಡ್ ಸೆಟ್ಟು.

‘ಎಲ್ಲಿ ಅದೀಯೋ ತಮ್ಮಾ?’

‘ಮೋಟೆಬೆನ್ನೂರಾಗ ಅದೇನ್ರೀ ಅಣ್ಣಾರ, ಚಾ ಕುಡ್ಯಾಕತ್ತೇನಿ.’

ಕಸ್ಟಮರ್ ಕೇರ್‌ಗೆ ಹೇಳಿದೆ: ಲಿಂಕ್ ಇರಲಿ, ಅದಕ್ಕೂ ಮೊದಲು ‘ಮೋಟೆಬೆನ್ನೂರು ಹತ್ತಿರ’ ಅಂತ ಊರ ಹೆಸರು ಹಾಕಿ. ಆಗ ಮೆಸೇಜ್ ತೆರೆಯುವುದೇ ಬೇಡ, ವಾಚಿನಲ್ಲೂ ಗೊತ್ತಾಗುತ್ತದೆ. ಅಂಕಿ ಎರಡು ದಿನದಲ್ಲಿ ಸರಿಯಾಯಿತು. ಊರ ಹೆಸರು ಇನ್ನೂ ಬಂದಿಲ್ಲ. ಸದ್ಯಕ್ಕೆ ಐದಕ್ಕೆ ಮೂರು. ರಿನ್ಯೂವಲ್ ಒಳಗೆ ಬಂದರೆ ನಾಲ್ಕು.