ಸಸ್ಪೆನ್ಷನ್ ಫೀಡರ್: ಮೂರು ವರ್ಷದ ಜಗಳ ಮತ್ತು ರಾಜಿ

ಅತಿ ಬಿಸಿಯಾದ ಅನಿಲದ ಜ್ವಾಲೆಯಲ್ಲಿ (ಪ್ಲಾಸ್ಮಾ) ಪುಡಿಯನ್ನು ಕರಗಿಸಿ ಲೋಹದ ಮೇಲೆ ಲೇಪನ ಕೂರಿಸುವ ಪ್ಲಾಸ್ಮಾ ಸ್ಪ್ರೇ ಯಂತ್ರಕ್ಕೆ, ದ್ರವದಲ್ಲಿ ಕಲಸಿದ ಪುಡಿಯನ್ನು (ಸಸ್ಪೆನ್ಷನ್) ಉಣಿಸುವ ಫೀಡರ್ ಜೋಡಿಸಿ ಮೂರು ವರ್ಷವಾಯಿತು. ಪಂಪು, ಟ್ಯಾಂಕು, ಪರದೆಗಳ ವಿವರ ಕ್ಯಾಟಲಾಗಿನಲ್ಲಿದೆ. ನನ್ನ ತಕರಾರು ಆ ದ್ರವವನ್ನು ಪ್ಲಾಸ್ಮಾದೊಳಗೆ ಚಿಮ್ಮಿಸುವ ಇಂಜೆಕ್ಟರಿನ ತುದಿಯ 0.15 ಮಿಲಿಮೀಟರ್ ರಂಧ್ರದ ಬಗ್ಗೆ. ಮೊದಲ ವರ್ಷ ಅದು ನನ್ನ ಪ್ರಾಣ ತಿಂದಿತು.

ಅರ್ಧ ಮೈಕ್ರಾನಿನ ಜಿರ್ಕೋನಿಯಾ ಎಂಬ ಸೆರಾಮಿಕ್ ಕಣವನ್ನು ಒಣಪುಡಿಯಾಗಿ ಊದಿದರೆ ಪ್ಲಾಸ್ಮಾದ ಒಳಕ್ಕೆ ನುಗ್ಗುವಷ್ಟು ಕಸುವು ಅದಕ್ಕಿರುವುದಿಲ್ಲ. ಎಥನಾಲ್‌ನಲ್ಲಿ ಕಲಸಿ ಚಿಮ್ಮಿಸುವುದು ಅದಕ್ಕೇ. ಆದರೆ ಕಣಗಳು ತಳ ಹಿಡಿಯುತ್ತವೆ, ಗಂಟು ಕಟ್ಟುತ್ತವೆ, ರಂಧ್ರದ ಬಾಯಲ್ಲೇ ಒಣಗಿ ಕೂರುತ್ತವೆ. ದ್ರವದ ಎಳೆ ಕೊಂಚ ವಾಲಿದರೂ ಪ್ಲಾಸ್ಮಾದ ನಡುಭಾಗ ತಪ್ಪುತ್ತದೆ. ಅರೆಬೆಂದ ಪುಡಿ ಲೇಪನದೊಳಗೆ ಸೇರಿಕೊಳ್ಳುತ್ತದೆ. ತುದಿಯನ್ನಷ್ಟೇ ಬಿಡಿಯಾಗಿ ಮಾರುವುದಿಲ್ಲ, ಇಡೀ ಇಂಜೆಕ್ಟರ್ ಕೊಳ್ಳಬೇಕು. ನಮ್ಮಂಥ ಸಣ್ಣ ಬಜೆಟ್ಟಿನವರಿಗೆ ಇದು ಶಿಕ್ಷೆಯೇ.

ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಕೆಲಸ ಮುಗಿದಾಗ ಮೊದಲು ಸಸ್ಪೆನ್ಷನ್ ನಿಲ್ಲಿಸಿ, ಆಮೇಲೆ ಪ್ಲಾಸ್ಮಾ ಹೊಮ್ಮಿಸುವ ಟಾರ್ಚ್ ಆರಿಸುತ್ತಿದ್ದೆ. ನಡುವಿನ ಆ ಅರೆ ನಿಮಿಷದ ಬಿಸಿಯೇ ರಂಧ್ರ ಮುಚ್ಚಲು ಸಾಕಾಗುತ್ತಿತ್ತು. ಕೈಪಿಡಿ ಈ ಬಗ್ಗೆ ಚಕಾರ ಎತ್ತುವುದಿಲ್ಲ. ಈಗ ಹಿಂದಿನ ಸಂಜೆಯೇ ಬಾಟಲಿಯನ್ನು ರೋಲರ್ ಮೇಲೆ ಉರುಳಲು ಬಿಡುತ್ತೇನೆ. ಬೆಳಿಗ್ಗೆ ನಯವಾದ ಜರಡಿಯಲ್ಲಿ ಸೋಸುತ್ತೇನೆ. ಟಾರ್ಚ್ ಹೊತ್ತಿಸುವ ಮೊದಲು ಇಂಜೆಕ್ಟರನ್ನು ಬೀಕರಿನತ್ತ ತಿರುಗಿಸಿ, ಹಿಂದೆ ಕಪ್ಪು ಹಲಗೆ ಹಿಡಿದು, ಬರೀ ಎಥನಾಲ್ ಹರಿಸಿ ನೋಡುತ್ತೇನೆ. ಎಳೆ ಕೂದಲಿನಂತೆ ನೆಟ್ಟಗಿದ್ದರೆ ಮಾತ್ರ ಮುಂದಿನ ಮಾತು. ಕೊನೆಯಲ್ಲಿ, ಟಾರ್ಚ್ ಉರಿಯುತ್ತಿರುವಾಗಲೇ ಮತ್ತೆ ಬರೀ ಎಥನಾಲ್.

ಇಷ್ಟೆಲ್ಲ ಸೇವೆ ಮಾಡಿಸಿಕೊಳ್ಳುವ ಯಂತ್ರವನ್ನು ಮಾರಿಬಿಡಲಿಲ್ಲವೇಕೆ? ಅದರ ಒತ್ತಡದ ನಿಯಂತ್ರಣಕ್ಕಾಗಿ. ಒತ್ತಡ ಕಡಿಮೆಯಾದರೆ ಪ್ಲಾಸ್ಮಾ ಎಳೆಯನ್ನು ಅಂಚಿನಲ್ಲೇ ಚದುರಿಸುತ್ತದೆ, ಹೆಚ್ಚಾದರೆ ಎಳೆ ಆಚೆ ಬದಿಗೆ ದಾಟಿಬಿಡುತ್ತದೆ. ನಡುವಿನ ಆ ಕಿರಿದಾದ ಜಾಗದಲ್ಲಿ ಈ ಫೀಡರ್ ಗಂಟೆಗಟ್ಟಲೆ ಅಲ್ಲಾಡದೆ ನಿಲ್ಲುತ್ತದೆ. ಫಲ ಕಾಣುವುದು ಲೇಪನವನ್ನು ಕತ್ತರಿಸಿ, ಉಜ್ಜಿ, ಸೂಕ್ಷ್ಮದರ್ಶಕದಡಿ ಇಟ್ಟಾಗ: ಪದರಗಳ ಬದಲು ಸಾಲಾಗಿ ನಿಂತ ಕಂಬಗಳು, ನಡುವೆ ಸಣ್ಣ ಸೀಳುಗಳು. ಹಗುರ ಕಣಗಳು ಮೇಲ್ಮೈ ಹತ್ತಿರ ಅನಿಲದ ಜೊತೆ ಹೊರಳಿ, ಉಬ್ಬುಗಳ ಪಕ್ಕೆಗೆ ಓರೆಯಾಗಿ ಬಡಿದು ಅಂಟಿಕೊಳ್ಳುವುದರಿಂದ ಈ ಕಂಬಗಳು ಬೆಳೆಯುತ್ತವೆ. ಬಿಸಿಗೆ ಅಡಿಯ ಲೋಹ ಹಿಗ್ಗಿದಾಗ ಸೀಳುಗಳು ತೆರೆದುಕೊಳ್ಳುವುದರಿಂದ ಲೇಪನ ಸುಲಭವಾಗಿ ಚಕ್ಕೆ ಏಳುವುದಿಲ್ಲ. ಮೊದಲ ಸಲ ಅದನ್ನು ಕಂಡ ದಿನ ಊಟಕ್ಕೇ ಏಳಲಿಲ್ಲ.

ವಾರಕ್ಕೆ ಎರಡು ಮೂರು ಸಲವಾದರೂ ನಡೆಸುವವರು ಕೊಳ್ಳಬಹುದು. ತಿಂಗಳಿಗೊಮ್ಮೆ ಮುಟ್ಟುವವರಿಗೆ ಬೇಡ. ತೊಳೆಯುವುದರಲ್ಲೇ ದಿನ ಹೋಗುತ್ತದೆ. ಗಾಬರಿಯಲ್ಲಿ ಕೊಂಡ ಮೂರನೆಯ ಇಂಜೆಕ್ಟರ್ 14 ತಿಂಗಳಿಂದ ಪೆಟ್ಟಿಗೆಯೊಳಗೇ ಇದೆ.